ಬೇಸ್‌ಬಾಲ್ ಪಿಳ್ಳಪ್ಪನವರ ಅಭಿಪ್ರಾಯಗಳು

ಬೇಸ್‌ಬಾಲ್ ಬ್ಯಾಟು ಬೆಂಗಳೂರಿನಲ್ಲಿ ಯಾರಿಗೆ ಗೊತ್ತಿಲ್ಲ? ಕಾರಿನ ಸೀಟಿನ ಕೆಳಗೆ ಇಟ್ಟುಕೊಂಡವರಿದ್ದಾರೆ, ಸಿನಿಮಾ ರೌಡಿಯ ಹೆಗಲ ಮೇಲೆ ನೋಡಿದವರಿದ್ದಾರೆ, ಸೈಟಿನ ತಕರಾರಿನಲ್ಲಿ ನೇರವಾಗಿ ಬೆನ್ನಿನ ಮೇಲೇ ಪರಿಚಯ ಮಾಡಿಕೊಂಡವರೂ ಇದ್ದಾರೆ. ಚೆಂಡನ್ನು ಮಾತ್ರ ಯಾರೂ ನೋಡಿಲ್ಲ. ಆ ಚೆಂಡನ್ನು ದಿನಾ ನೋಡುತ್ತಿದ್ದ, ಅದನ್ನು ಯಾರು ಎಸೆಯಬೇಕು, ಎಷ್ಟು ಹೊತ್ತು ಎಸೆಯಬೇಕು, ಎಸೆಯುವಾಗ ಟೀವಿಯವರು ಬಾಯಿ ಮುಚ್ಚಿಕೊಂಡಿರಬೇಕೋ ಬೇಡವೋ ಎಂಬುದರ ಬಗ್ಗೆಯೆಲ್ಲ ಖಚಿತ ಅಭಿಪ್ರಾಯವಿದ್ದವರು ನನಗೆ ತಿಳಿದಂತೆ ಒಬ್ಬರೇ. ಮರ್ಫಿ ಟೌನಿನ ಪಿಳ್ಳಪ್ಪನವರು.

ಅವರು ನಮ್ಮ ಮನೆ ಓನರ್ರು. ಅವರು ಕೆಳಗೆ, ನಾವು ಬಾಡಿಗೆಗೆ ಮೇಲೆ. ಅವರ ಟೀವಿ ಎಲ್ಲಿದೆಯೋ ಸರಿಯಾಗಿ ಅದರ ಮೇಲೆ ನಮ್ಮ ಮಂಚ. ಹಾಗಾಗಿ ಅಮೆರಿಕಾದ ಬೇಸ್‌ಬಾಲನ್ನು ಮಲಗಿಕೊಂಡೇ ಕಲಿತ ಕೆಲವೇ ಕನ್ನಡಿಗರಲ್ಲಿ ನಾನೂ ನನ್ನ ಹೆಂಡತಿಯೂ ಸೇರಿದ್ದೇವೆ.

ಪಿಳ್ಳಪ್ಪನವರಿಗೆ ಈ ಹುಚ್ಚು ಹಿಡಿದದ್ದಕ್ಕೆ ಕಾರಣ ಅಮೆರಿಕಾ ಅಲ್ಲ, ಫಸ್ಟ್ ಶಿಫ್ಟು. ದೂರವಾಣಿನಗರದ ಟೆಲಿಫೋನ್ ಫ್ಯಾಕ್ಟರಿಯಲ್ಲಿ ಅವರ ಸರ್ವಿಸೆಲ್ಲ ಬೆಳಗಿನ ಪಾಳಿಯಲ್ಲೇ ಕಳೆಯಿತು. ಫ್ಯಾಕ್ಟರಿ ಬಸ್ಸು ತಪ್ಪಬಾರದೆಂದು ನಾಲ್ಕೂವರೆಗೆ ಏಳುತ್ತಿದ್ದ ಮೈ, ರಿಟೈರಾದ ಮೇಲೂ ನಾಲ್ಕೂವರೆಗೇ ಎದ್ದಿತು. ಸ್ನಾನ ಮಾಡಿ, ಶೇವ್ ಮಾಡಿ, ತಲೆ ಬಾಚಿ ಕುರ್ಚಿಯಲ್ಲಿ ಕೂತ ಗಂಡನನ್ನು ನೋಡಿ ದೊಡ್ಡಮುನಿಯಮ್ಮ, "ಬಸ್ಸು ಬರಲ್ಲ ಕಣ್ರೀ, ಮಲ್ಕೊಳ್ಳಿ" ಎಂದರಂತೆ. ಮಲಗಿದರೆ ನಿದ್ದೆ ಬರಲಿಲ್ಲ. ಹಲಸೂರು ಕೆರೆಯ ಕಡೆ ವಾಕಿಂಗ್ ಹೋಗಿ ನೋಡಿದರು. ಅಲ್ಲಿ ಇಂದಿರಾನಗರದ ಕಡೆಯವರು ಕೈಗೆ ಗಡಿಯಾರ ಕಟ್ಟಿಕೊಂಡು, ತಮ್ಮ ಎದೆ ಎಷ್ಟು ಸಲ ಬಡಿದುಕೊಂಡಿತು ಎಂದು ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಿದ್ದರು. ವಾಪಸು ಬಂದು ಟೀವಿ ಹಾಕಿದರು. ಆ ಹೊತ್ತಿನಲ್ಲಿ ಟೀವಿಯಲ್ಲಿ ಜೀವ ಇದ್ದದ್ದು ಎರಡಕ್ಕೇ: ಸುಪ್ರಭಾತ ಮತ್ತು ಬೇಸ್‌ಬಾಲ್. ಸುಪ್ರಭಾತ ಪಕ್ಕದ ಬೀದಿಯ ಮೈಕಿನಲ್ಲಿ ಪುಕ್ಕಟೆಯಾಗಿ ಬರುತ್ತಿತ್ತು. ಉಳಿದದ್ದನ್ನು ಹಾಕಿಕೊಂಡರು.

ಹೇಳಿಕೊಡುವವರು ಯಾರೂ ಇರಲಿಲ್ಲ. ಹೊಸ ಮಿಷನ್ನು ಬಂದಾಗ ಫ್ಯಾಕ್ಟರಿಯಲ್ಲಿ ಹೇಗೆ ಕಲಿಯುತ್ತಿದ್ದರೋ ಹಾಗೇ ಕಲಿತರು. ಪಕ್ಕದಲ್ಲಿ ನಿಂತು, ಏನು ಒಳಗೆ ಹೋಗುತ್ತೆ ಏನು ಹೊರಗೆ ಬರುತ್ತೆ ಅಂತ ನೋಡುವುದು. ಹೀಗೆ ಕಲಿತದ್ದರಿಂದ ಅವರ ಬೇಸ್‌ಬಾಲಿನಲ್ಲಿ ಅಮೆರಿಕಾದಲ್ಲಿ ಇಲ್ಲದ ಕೆಲವು ನಿಯಮಗಳೂ ಇದ್ದವು. ಅವನ್ನು ಅಮೆರಿಕಾದವರು ಪದೇ ಪದೇ ಮುರಿಯುತ್ತಿದ್ದದ್ದು ಅವರಿಗೆ ಬೇಸರದ ವಿಷಯವಾಗಿತ್ತು.

ತಂಡಗಳಿಗೆ ಟೋಪಿಯ ಬಣ್ಣದ ಮೇಲೆ ಹೆಸರು. ನೀಲಿ ಟೋಪಿ, ಕೆಂಪು ಟೋಪಿ, ಕಪ್ಪು ಟೋಪಿ. ಅವರ ಮನಸ್ಸಿದ್ದದ್ದು ಸದಾ ಸೋಲುವ ಒಂದು ಹಸಿರು ಟೋಪಿಯ ಮೇಲೆ. ಆಡಳಿತದ ಬಗ್ಗೆ ಅವರ ಅಭಿಪ್ರಾಯಗಳು ಒಂದು ಕಾಲದ ಕಾರ್ಮಿಕ ಸಂಘದ ಜಂಟಿ ಕಾರ್ಯದರ್ಶಿಯ ಅಭಿಪ್ರಾಯಗಳು. ಆ ಹುದ್ದೆಯಲ್ಲಿ ಅವರಿದ್ದದ್ದು ಒಂದೇ ಅವಧಿ. ಆದರೆ ಅದು ಅವರ ಮಾತಿನಲ್ಲಿ ಮುಗಿದಿರಲೇ ಇಲ್ಲ.

"ನಾನು ಜಂಟಿ ಕಾರ್ಯದರ್ಶಿ ಆಗಿದ್ದೋನು ಹೇಳ್ತೀನಿ ಕೇಳಿ ಸಾರ್. ಚೆಂಡು ಎಸೆಯೋನು ಇದಾನಲ್ಲ, ಪಿಚ್ಚರ್ರು, ಅವನು ಚೆನ್ನಾಗಿ ಕೆಲಸ ಮಾಡ್ತಾ ಇರ್ತಾನೆ. ನೂರು ಚೆಂಡು ಆಗ್ತಿದ್ದಂಗೇನೇ ಮೇನೇಜರ್ರು ಜೇಬಲ್ಲಿ ಕೈ ಇಟ್ಕೊಂಡು ಬಂದು ಅವನ ಕೈಯಿಂದ ಚೆಂಡು ಕಿತ್ಕೊಂಡು ಮನೆಗೆ ಹೋಗು ಅಂತಾನೆ. ಯಾಕೆ? ಮೆಮೋ ಕೊಟ್ಯಾ? ವಿವರಣೆ ಕೇಳ್ದ್ಯಾ?"

ಎಸೆಯುವವನಿಗೆ ಈಚೆಗೆ ಗಡಿಯಾರ ಇಟ್ಟಿದ್ದಾರೆ, ಇಷ್ಟು ಸೆಕೆಂಡಿನೊಳಗೆ ಚೆಂಡು ಬಿಡಬೇಕಂತೆ. "ಇದು ಪೀಸ್‌ರೇಟು ಸಾರ್, ಎಣಿಸಿ ಕೂಲಿ ಕೊಡೋದು! ನಾವು ಗೇಟಲ್ಲಿ ಕೂತು ತೆಗೆಸಿದ ಪದ್ಧತಿ!" ಪಂದ್ಯ ಸಮವಾಗಿ ಲಂಬಿಸಿದರೆ, ಏನೂ ಮಾಡದ ಒಬ್ಬನನ್ನು ಪುಕ್ಕಟೆಯಾಗಿ ಅರ್ಧ ದಾರಿಯಲ್ಲಿ ನಿಲ್ಲಿಸಿ ಓಡು ಅನ್ನುತ್ತಾರೆ. ಅವನನ್ನು ಪಿಳ್ಳಪ್ಪನವರು 'ಮಿನಿಸ್ಟ್ರ ಕಡೆಯೋನು' ಎಂದೇ ಕರೆಯುತ್ತಿದ್ದರು. ಹಸಿರು ಟೋಪಿಯ ಮಾಲೀಕ ತಂಡವನ್ನೇ ಎತ್ತಿಕೊಂಡು ಬೇರೆ ಊರಿಗೆ ಹೊರಟ ವರ್ಷ ಮಾತ್ರ ಅವರು ಜೋಕು ಮಾಡಲಿಲ್ಲ. ಎರಡು ದಿನ ಟೀವಿ ಹಾಕದೆ, ತಮ್ಮ ಫ್ಯಾಕ್ಟರಿಯಲ್ಲಿ ಒಂದೊಂದೇ ಶೆಡ್ಡಿನ ದೀಪ ಆರಿಸಿದ್ದನ್ನು ನನಗೆ ಹೇಳುತ್ತಾ ಮೆಟ್ಟಿಲ ಮೇಲೆ ಕೂತಿದ್ದರು.

ಇನ್ನು ಪ್ರಸಾರ. ಕಾಮೆಂಟರಿಯವರು ಮಾತಿನ ಮಧ್ಯೆ ಉಸಿರು ತೆಗೆದುಕೊಳ್ಳಬೇಕು ಎಂಬುದು ಅವರ ಮೊದಲ ಬೇಡಿಕೆ. ಎರಡನೆಯದು, ಪ್ರೇಕ್ಷಕರು ಬ್ರೆಡ್ಡು ತಿನ್ನುವುದನ್ನು ತೋರಿಸಕೂಡದು. "ಇಲ್ಲಿ ನಾವಿನ್ನೂ ಕಾಫಿ ಕುಡಿದಿರಲ್ಲ." ಮಗ ಪ್ರೇಮ್‌ಕುಮಾರ್ ಟೀವಿಗೆ ಆ್ಯಪ್ ಹಾಕಿಸಿಕೊಟ್ಟ ಮೇಲೆ ಜಾಹೀರಾತಿನ ಜಾಗದಲ್ಲಿ ಬರೀ ಖಾಲಿ ಪರದೆ ಬರತೊಡಗಿತು. ಪಿಳ್ಳಪ್ಪನವರು ಅಮೆರಿಕಾದ ಟೀವಿಯನ್ನು ಬಾಯಿ ತುಂಬ ಹೊಗಳಿದ್ದು ಅದೊಂದಕ್ಕೇ. ಆ ಖಾಲಿ ಪರದೆಯಲ್ಲೇ ಅವರು ಬಚ್ಚಲಿಗೆ ಹೋಗಿಬರುತ್ತಿದ್ದರು.

ಬೀದಿಯಲ್ಲಿ ಈ ಜ್ಞಾನಕ್ಕೆ ಗಿರಾಕಿ ಇರಲಿಲ್ಲ. ಮರ್ಫಿ ಟೌನ್ ಅಂದರೆ ಫುಟ್‌ಬಾಲು, ಆಮೇಲೆ ಕ್ರಿಕೆಟ್ಟು. ಜಗನ್‌ನ ಸೆಲೂನಿನಲ್ಲಿ ಭಾನುವಾರ ಇವರು ಬಾಯಿ ತೆಗೆದರೆ ಜಗನ್ ಕತ್ತರಿ ಆಡಿಸುತ್ತಲೇ, "ಅಣ್ಣಾ, ನೀವು ಹೇಳೋ ಆಟ ನಿಜವಾಗ್ಲೂ ಇದೆಯಾ, ಇಲ್ಲ ಬೆಳಗ್ಗೆ ಕನಸು ಬೀಳತ್ತಾ?" ಎನ್ನುತ್ತಿದ್ದ.

"ಕತ್ತರಿ ನೋಡ್ಕೊಂಡು ಆಡ್ಸೋ. ಕಿವಿ ಔಟ್ ಮಾಡ್ಬೇಡ."

ಹೀಗೆ ಲೋಕವೆಲ್ಲ ಕೈಬಿಟ್ಟಿದ್ದರಿಂದ ಪಿಳ್ಳಪ್ಪನವರ ಅಭಿಪ್ರಾಯಗಳು ಪೂರ್ತಿಯಾಗಿ ಬೀಳುತ್ತಿದ್ದದ್ದು ದೊಡ್ಡಮುನಿಯಮ್ಮನವರ ಮೇಲೆ. ಆಕೆ ಬಾಬಾಸಾಹೇಬರ ಪಟದ ಕೆಳಗಿನ ಟೀವಿಯ ಮುಂದೆ ಕಾಲು ಚಾಚಿ ಕೂತು, ಮೊರದಲ್ಲಿ ಸೊಪ್ಪು ಬಿಡಿಸುತ್ತಾ ನೋಡುತ್ತಿದ್ದರು. ಮಂಡಿನೋವಿನವರು. ಹಾಗಾಗಿ ಇಡೀ ಆಟದಲ್ಲಿ ಆಕೆಗೆ ಕಂಡದ್ದು ಒಬ್ಬನೇ: ಬ್ಯಾಟು ಹಿಡಿದವನ ಹಿಂದೆ ಮುಖಕ್ಕೆ ಜಾಲರಿ ಕಟ್ಟಿಕೊಂಡು, ಕುಕ್ಕರಗಾಲಿನಲ್ಲಿ ಕೂತು ಚೆಂಡು ಹಿಡಿಯುವವನು.

"ಎಷ್ಟು ಹೊತ್ತಿಂದ ಹಂಗೇ ಕೂತವ್ನೆ ನೋಡ್ರಿ. ಅವನಿಗೊಂದು ಮಣೆ ಕೊಡಬಾರ್ದಾ?"

"ಅದು ಅವನ ಡ್ಯೂಟಿ ಕಣೇ."

"ಯಾವ ಡ್ಯೂಟಿ? ಹಿಂದೆ ನಿಂತವ್ನಲ್ಲ ದಪ್ಪಗಿರೋನು, ಅವನು ಹಾಯಾಗಿ ನಿಂತವ್ನೆ. ಸ್ವಲ್ಪ ಹೊತ್ತು ಅವನು ಕೂರ್ಲಿ, ಇವನು ನಿಲ್ಲಲಿ."

"ಅವನು ಅಂಪೈರು!"

"ಆಗ್ಲಿ. ಅಂಪೈರಿಗೆ ಮಂಡಿ ಇಲ್ವಾ?"

ಮೇಲೆ ಮಂಚದಲ್ಲಿ ನನ್ನ ಹೆಂಡತಿ ದಿಂಬಿಗೆ ಮುಖ ಒತ್ತಿಕೊಳ್ಳುತ್ತಿದ್ದಳು.

ಮಾತಿಗೆ ಮಾತು ಬೆಳೆದು ಹೆಂಡತಿ ಮುನಿಸಿಕೊಂಡಂತೆ ಕಂಡರೆ ಪಿಳ್ಳಪ್ಪನವರ ಹತ್ತಿರ ಒಂದು ಉಪಾಯವಿತ್ತು. ಟೀವಿಯ ಸೌಂಡು ಪೂರ್ತಿ ಇಳಿಸಿ, ತಾವೇ ಕಾಮೆಂಟರಿ ಶುರು ಮಾಡುವುದು. ಮೊದಲ ಎರಡು ಮಾತು ಮೂಗಿನಿಂದ ಬರುವ ಇಂಗ್ಲಿಷು: "ವೆಲ್ ಫೋಕ್ಸ್, ವಾಟ್ ಅ ಬ್ಯೂಟಿಫುಲ್..." ಅಲ್ಲಿಂದಾಚೆಗೆ ಇಂಗ್ಲಿಷು ಖಾಲಿಯಾಗಿ ಬರೀ ರಾಗ ಉಳಿಯುತ್ತಿತ್ತು. "ರರ್ರಾ ಬರ್ರಾ ಬಾಲ್, ಡರ್ರಾ ವರ್ರಾ ರನ್..." ಅರ್ಥವಿಲ್ಲ, ಆದರೆ ಏರಿಳಿತವೆಲ್ಲ ಅಮೆರಿಕಾದ್ದೇ. ದೊಡ್ಡಮುನಿಯಮ್ಮ ಸೊಪ್ಪಿನ ಮೊರ ಪಕ್ಕಕ್ಕಿಟ್ಟು, ಸೆರಗು ಬಾಯಿಗೆ ಹಿಡಿದು, "ಸಾಕು ನಿಲ್ಸಿ, ಹೊಟ್ಟೆ ನೋಯ್ತದೆ" ಅನ್ನುವವರೆಗೂ ನಡೆಯುತ್ತಿತ್ತು.

ಹೋದ ಸೆಪ್ಟೆಂಬರಿನ ಒಂದು ಬೆಳಿಗ್ಗೆ ಏಳನೇ ಇನ್ನಿಂಗ್ಸಿನ ಹೊತ್ತಿಗೆ ಅದೇ ಶುರುವಾಯಿತು. ಅಷ್ಟು ಹೊತ್ತೂ ಮೇನೇಜರನನ್ನು ಬೈಯುತ್ತಿದ್ದವರು ಮಾತಿನ ನಡುವೆಯೇ, "ರರ್... ಬರ್ರಾ... ವರ್..." ಎಂದರು. ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದ ದೊಡ್ಡಮುನಿಯಮ್ಮ ಅಲ್ಲಿಂದಲೇ ನಕ್ಕರು. "ಇವತ್ತು ಇಷ್ಟು ಬೇಗ ಇಂಗ್ಲಿಷ್ ಖಾಲಿ ಆಯ್ತಾ?" ಎಂದರು. ಟೀವಿಯ ಕಡೆಯಿಂದ ಮತ್ತೆ, "ಬರ್... ರ್ರಾ..." ಆಕೆ ಇನ್ನೂ ಜೋರಾಗಿ ನಕ್ಕರು. ಮೇಲೆ ನಾವೂ ನಕ್ಕೆವು. ಹಾಲು ಉಕ್ಕಿತು, ಇಳಿಸಿದರು, ಕಾಫಿ ಬೆರೆಸಿದರು, ಲೋಟ ತಂದು ಕೈಗೆ ಕೊಟ್ಟರು. ಬಲಗೈ ಲೋಟ ಹಿಡಿಯಲಿಲ್ಲ. ಆಗ ಆಕೆ ಗಂಡನ ಬಾಯಿಯ ಕಡೆ ನೋಡಿದರು.

ಪ್ರೇಮ್‌ಕುಮಾರನೂ ನಾನೂ ಆಟೋದಲ್ಲಿ ಎತ್ತಿಕೂರಿಸಿ ಆಸ್ಪತ್ರೆಗೆ ಕರೆದೊಯ್ದೆವು. ಲಕ್ವ ಹೊಡೆದಿತ್ತು. ಜೀವಕ್ಕೆ ಅಪಾಯವಾಗಲಿಲ್ಲ. ಬಲಗಾಲು ನಿಧಾನಕ್ಕೆ ಎಳೆದುಕೊಂಡು ಬಂತು, ಬಲಗೈ ಅರ್ಧ ಬಂತು. ಮಾತು ಬರಲಿಲ್ಲ. ಹೇಳಿದ್ದೆಲ್ಲ ಅರ್ಥವಾಗುತ್ತೆ, ಹೇಳಬೇಕಾದದ್ದು ಗೊತ್ತಿದೆ, ಗೊತ್ತಿರುವಲ್ಲಿಂದ ಬಾಯಿಗೆ ಬರುವ ದಾರಿ ಕೆಟ್ಟಿದೆ, ರಿಪೇರಿ ಆಗಬಹುದು, ಆಗದೆಯೂ ಇರಬಹುದು ಎಂದರು ಡಾಕ್ಟರು. ಒಂದು ಫ್ಯಾಕ್ಟರಿಗಾಗುವಷ್ಟು ಅಭಿಪ್ರಾಯವಿದ್ದ ಮನುಷ್ಯ ಕಿಟಕಿ ಪಕ್ಕದ ಕುರ್ಚಿಯಲ್ಲಿ ಸುಮ್ಮನೆ ಕೂತರು.

ದೊಡ್ಡಮುನಿಯಮ್ಮ ಟೀವಿಯ ಮೇಲೆ ಒಂದು ಹಳೇ ಸೀರೆ ಹೊದಿಸಿ, ಅಂಚನ್ನು ಹಿಂದೆ ಗಂಟು ಹಾಕಿಬಿಟ್ಟರು.

ಮಾತು ಕಲಿಸಲು ಫ್ರೇಜರ್ ಟೌನಿನಿಂದ ನೌರೀನ್ ಎಂಬ ಹುಡುಗಿ ವಾರಕ್ಕೆರಡು ಸಲ ಬರತೊಡಗಿದಳು. ಒಳ್ಳೆಯ ಹುಡುಗಿ, ತಾಳ್ಮೆಯವಳು. ಚಿತ್ರದ ಕಾರ್ಡು ತೋರಿಸಿ, "ಅಂಕಲ್, ಇದು ಏನು? ಆ... ಆ..." ಎನ್ನುತ್ತಿದ್ದಳು. ಆನೆ. ಪಿಳ್ಳಪ್ಪನವರು ಆನೆಯನ್ನು ನೋಡುತ್ತಿದ್ದರು, ನೌರೀನಳನ್ನು ನೋಡುತ್ತಿದ್ದರು, ಆಮೇಲೆ ಕಿಟಕಿಯ ಕಡೆ ತಿರುಗುತ್ತಿದ್ದರು. ಮ್ಯಾನೇಜ್‌ಮೆಂಟಿನ ಎದುರು ಕೂತು ಮಾತಾಡಿದ ಜಂಟಿ ಕಾರ್ಯದರ್ಶಿಗೆ ಆನೆಯ ಬಗ್ಗೆ ಹೇಳಬೇಕಾದ್ದೇನೂ ಇರಲಿಲ್ಲ.

"ಆಂಟಿ, ಅಂಕಲ್‌ಗೆ ಏನು ಇಷ್ಟ? ಅದರ ಬಗ್ಗೆ ಮಾತಾಡ್ಸೋಣ" ಎಂದು ಕೇಳಿದಳು ಒಂದು ದಿನ.

ಪ್ರೇಮ್‌ಕುಮಾರ್ ಸೀರೆ ಹೊದ್ದ ಟೀವಿಯ ಕಡೆ ಕೈ ತೋರಿಸಿದ. "ಇವರಿಗೆ ಇಷ್ಟ ಇರೋದು ಜಗಳ, ನೌರೀನ್. ಬೇಸ್‌ಬಾಲ್ ನೋಡ್ಕೊಂಡು ಅಮ್ಮನ ಜೊತೆ ಜಗಳ."

"ಹಾಕಿ ಆಂಟಿ, ಒಳ್ಳೇದೇ ಅಲ್ವಾ!"

"ಅದೊಂದು ಬೇಡಮ್ಮಾ" ಎಂದರು ದೊಡ್ಡಮುನಿಯಮ್ಮ. "ಆ ರರ್ರಾ ಬರ್ರಾ ಈ ಮನೇಲಿ ಇನ್ನೊಂದ್ಸಲ ಕೇಳ್ಸಬಾರ್ದು. ನೀನು ಆನೆ ತೋರ್ಸು."

ಯಾಕೆಂದು ಆಕೆ ಹೇಳಿದ್ದು ಆಮೇಲೆ, ನನ್ನ ಹತ್ತಿರ. ನೀರಿನ ಮೋಟರು ಹಾಕಲು ಇಳಿದಿದ್ದೆ. ಆಕೆ ಕೊನೆಯ ಮೆಟ್ಟಿಲಲ್ಲಿ ಮಂಡಿ ಒತ್ತಿಕೊಳ್ಳುತ್ತಾ ಕೂತಿದ್ದರು.

"ನಕ್ಬಿಟ್ಟೆ ಸಾರ್."

"ನಾವೂ ನಕ್ಕಿದ್ವಿ ಅಮ್ಮಾ. ಯಾರಿಗೆ ಗೊತ್ತಾಗತ್ತೆ?"

"ನೀವು ಮೇಲಿದ್ರಿ. ನಾನು ಎರಡು ಹೆಜ್ಜೆ ದೂರದಲ್ಲಿದ್ದೆ. ಕಷ್ಟಪಟ್ಟು ಕರೀತಾ ಅವ್ರೆ, ಹೆಂಡ್ತಿ ಅಡುಗೆಮನೇಲಿ ನಗ್ತಾವಳೆ. ಅವರಿಗೆ ಕೇಳ್ಸಿರ್ತದೆ. ಎಲ್ಲಾ ಅರ್ಥ ಆಗ್ತದೆ ಅಂದ್ರಲ್ಲ ಡಾಕ್ಟ್ರು." ಮಂಡಿಯಿಂದ ಕೈ ತೆಗೆದು ಹೇಳಿದರು: "ಒಂದ್ಸಲ ಬೈದ್ಬಿಟ್ರೆ ಸಾಕು ಸಾರ್ ನಂಗೆ. ಬಾಯ್ತುಂಬ ಬೈಬೇಕು. ಇವರು ಬೈದೂ ಇಲ್ಲ, ಬೈಯಲ್ಲ ಅಂತಾನೂ ಹೇಳಿಲ್ಲ. ಸುಮ್ನೆ ನೋಡ್ತಾರೆ. ನಾನು ಏನಂತ ತಿಳ್ಕೊಳ್ಲಿ?"

ಸಮಾಧಾನ ಹೇಳುವುದರಲ್ಲಿ ನಾನು ಸ್ವಲ್ಪ ಹೆಸರು ಮಾಡಿದವನು. ಅವತ್ತು ನಾನು ಮಾಡಿದ್ದು, ಟ್ಯಾಂಕು ತುಂಬಿ ನೀರು ಸುರಿದಾಗ ಮೋಟರು ಆರಿಸಿದ್ದೊಂದೇ.

ಅಮೆರಿಕಾದಲ್ಲೂ ಚಳಿಗಾಲ. ಆಟಕ್ಕೆ ರಜೆ. ಟೀವಿ ಹಾಕಿದ್ದರೂ ನೋಡಲು ಏನೂ ಇರುತ್ತಿರಲಿಲ್ಲ ಎಂಬುದೊಂದೇ ಆ ದಿನಗಳ ಅನುಕೂಲ. ಪಿಳ್ಳಪ್ಪನವರು 'ಹೂಂ', 'ಆಂ' ಎನ್ನುವಷ್ಟಕ್ಕೆ ಬಂದರು. 'ಬಾ' ಎಂದರು ಒಂದು ಸಲ, ಬೆಕ್ಕಿಗೆ. ದೊಡ್ಡಮುನಿಯಮ್ಮ ಒಂದು ವಾರ ಆ ಬೆಕ್ಕಿಗೆ ಹಾಲು ಹಾಕಲಿಲ್ಲ.

ಮಾರ್ಚಿ ಕೊನೆಗೆ ಆಟ ಶುರುವಾಗುತ್ತೆ ಎಂದು ಪ್ರೇಮ್‌ಕುಮಾರ್ ತಾಯಿಗೆ ಹೇಳಿದ. ಆಕೆ ಕೇಳಿಸದವರಂತೆ ಎದ್ದು ಹೋದರು. ಅವನು ತಂದೆಯ ಮುಂದೆ ಆ ಮಾತೆತ್ತಲಿಲ್ಲ. ಆದರೆ ಪಿಳ್ಳಪ್ಪನವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಒಂದು ಬೆಳಿಗ್ಗೆ ದೊಡ್ಡಮುನಿಯಮ್ಮ ಎದ್ದು ನೋಡಿದರೆ ಮಂಚ ಖಾಲಿ. ಪಿಳ್ಳಪ್ಪನವರು ಗೋಡೆ ಹಿಡಿದುಕೊಂಡು ಬಂದು, ಕಿಟಕಿಯ ಕುರ್ಚಿಯನ್ನು ಹೇಗೋ ಎಡಗೈಯಲ್ಲೇ ಎಳೆದು ಟೀವಿಯ ಎದುರಿಗೆ ಹಾಕಿಕೊಂಡು ಕೂತಿದ್ದಾರೆ. ಸೀರೆ ಹಾಗೇ ಇದೆ. ಅದನ್ನು ಕಿತ್ತಿಲ್ಲ, ಹೆಂಡತಿಯನ್ನು ಎಬ್ಬಿಸಿಲ್ಲ.

"ಸೀರೆ ನೋಡ್ತಾ ಕೂತವ್ರೆ ಸಾರ್" ಎಂದು ಆಮೇಲೆ ಹೇಳಿದರು ಆಕೆ. "ನಾನು ಕಟ್ಟಿದ್ದಲ್ವಾ, ಅದಕ್ಕೇ ಮುಟ್ಟಿಲ್ಲ."

ಗಂಟು ಬಿಚ್ಚಲು ಬಹಳ ಹೊತ್ತು ಹಿಡಿಯಿತಂತೆ. ಕೊನೆಗೆ ಚಾಕುವಿನಿಂದ ಕುಯ್ದರು. ಟೀವಿ ಹಾಕಿದರು, ಸೌಂಡು ಮಾತ್ರ ಹಾಕಲಿಲ್ಲ. ಮೇಲೆ ನಮಗೆ ಏನೂ ಗೊತ್ತಾಗಲಿಲ್ಲ. ಒಂದೆರಡು ವಾರ ಅವರಿಬ್ಬರೂ ಹಾಗೆ ಸದ್ದಿಲ್ಲದೆ ಬೇಸ್‌ಬಾಲ್ ನೋಡಿದರು. ಪಿಳ್ಳಪ್ಪನವರ ಕಣ್ಣು ಚೆಂಡಿನ ಮೇಲೆ, ದೊಡ್ಡಮುನಿಯಮ್ಮನವರ ಕಣ್ಣು ಪಿಳ್ಳಪ್ಪನವರ ಬಾಯಿಯ ಮೇಲೆ.

ಏಪ್ರಿಲಿನಲ್ಲಿ ಒಂದು ದಿನ ಬೆಳಿಗ್ಗೆ ನಾನು ಹಾಲಿಗೆ ಹೊರಟವನು ಕೆಳಮನೆಯ ಬಾಗಿಲು ತೆರೆದಿದ್ದದ್ದು ನೋಡಿ ಒಳಗೆ ಹೋದೆ. ಕೂರಿ ಎಂದು ಆಕೆ ಸನ್ನೆ ಮಾಡಿದರು. ಹಸಿರು ಟೋಪಿಯ ಪಂದ್ಯ. ಎಸೆಯುತ್ತಿದ್ದವನು ಉದ್ದ ಕೈಯ ಒಬ್ಬ ಎಳೆಯ ಹುಡುಗ, ಬ್ಯಾಟು ಹಿಡಿದು ಬಂದವರನ್ನೆಲ್ಲ ವಾಪಸು ಕಳಿಸುತ್ತಿದ್ದ. ನೋಡುತ್ತಿದ್ದಂತೆ, ಅಂಕಣದ ಅಂಚಿನ ಗುಂಡಿಯಂಥ ಜಾಗದಿಂದ ಮೇನೇಜರು ಮೆಟ್ಟಿಲು ಹತ್ತಿ ಹೊರಬಂದ. ಜೇಬಿನಲ್ಲಿ ಕೈ. ಸಾವಕಾಶವಾಗಿ ಹುಡುಗನ ಕಡೆ ನಡೆದ.

ಪಿಳ್ಳಪ್ಪನವರು ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿದರು. ಎಡಗೈ ಎದ್ದಿತು. "ಬ... ಬ..." ಎಂದರು.

ದೊಡ್ಡಮುನಿಯಮ್ಮ ಟೀವಿ ನೋಡಿದರು. ಹುಡುಗ ಚೆಂಡನ್ನು ಮೇನೇಜರನ ಕೈಗೆ ಹಾಕಿ ತಲೆ ತಗ್ಗಿಸಿಕೊಂಡು ಹೊರಟಿದ್ದ. ಆರೇಳು ತಿಂಗಳು ಗಂಡನ ಸೋತ ಕೈಕಾಲನ್ನೇ ನೋಡಿ ಮೃದುವಾಗಿದ್ದ ಆಕೆ ಮನಸಾರೆ ಹೇಳಿದರು:

"ಪಾಪ, ಕರ್ಕೊಂಡು ಹೋಗ್ಲಿ ಬಿಡಿ. ಹುಡುಗನಿಗೆ ಕೈ ನೋವಿರ್ಬೇಕು. ಮೇನೇಜರ್ರು ಒಳ್ಳೆಯವನೇ."

ಪಿಳ್ಳಪ್ಪನವರು ಟೀವಿಯಿಂದ ಕಣ್ಣು ಕಿತ್ತು ಹೆಂಡತಿಯ ಕಡೆ ತಿರುಗಿದರು. ಮುಖ ಕೆಂಪಾಯಿತು. ನನಗೆ ಹೆದರಿಕೆಯಾಗಿ ಎದ್ದು ನಿಂತೆ. ತುಟಿ ಅತ್ತಿತ್ತ ಎಳೆಯಿತು, ಕತ್ತಿನ ನರ ಉಬ್ಬಿತು.

"ನಿಂ... ನಿಂಗೇನ್..."

ದೊಡ್ಡಮುನಿಯಮ್ಮನವರ ಕೈಯಲ್ಲಿದ್ದ ಸೊಪ್ಪು ಅಲ್ಲೇ ನಿಂತಿತು.

"ನಿಂಗೇನ್... ಗೊತ್ತು!" ಎಂದರು ಪಿಳ್ಳಪ್ಪನವರು. ಹೊರಬಂದ ಮಾತಿಗೆ ತಾವೇ ಬೆಚ್ಚಿದರು. ಆಮೇಲೆ ಇನ್ನೊಂದು ಸಿಕ್ಕಿತು. "ಕ... ಕತ್ತೆ!"

ಆಕೆ ಮೊರ ಕೆಳಗಿಟ್ಟು, ನೆಲದ ಮೇಲೇ ಜರುಗಿಕೊಂಡು ಬಂದು, ಗಂಡನ ಮೊಣಕಾಲಿನ ಮೇಲೆ ಕೈ ಇಟ್ಟರು. ಅಳುತ್ತಿದ್ದರೋ ನಗುತ್ತಿದ್ದರೋ, ಸೆರಗು ಮುಖಕ್ಕಿದ್ದದ್ದರಿಂದ ನನಗೆ ಕಾಣಲಿಲ್ಲ.

"ಅವತ್ತು ನಕ್ಬಿಟ್ಟೆ ಕಣ್ರೀ. ಗೊತ್ತಾಗ್ಲಿಲ್ಲ. ಬೈಯಿರಿ ನನ್ನ."

ಪಿಳ್ಳಪ್ಪನವರು ಆಕೆಯ ತಲೆಯ ಮೇಲೆ ಎಡಗೈ ಇಟ್ಟರು. ಅದು ಆಶೀರ್ವಾದವೆಂದು ನಾನು ತಿಳಿದುಕೊಂಡೆ. ಅಲ್ಲ. ಆ ಕೈ ಆಕೆಯ ತಲೆಯನ್ನು ಮೆಲ್ಲಗೆ ತಿರುಗಿಸಿತು, ಟೀವಿಯ ಕಡೆಗೆ. ಹೊಸದಾಗಿ ಬಂದವನ ಮೊದಲ ಚೆಂಡನ್ನೇ ಎದುರಾಳಿ ಆಕಾಶಕ್ಕೆ ಬಾರಿಸಿದ್ದ. ಚೆಂಡು ಪ್ರೇಕ್ಷಕರ ನಡುವೆ ಹೋಗಿ ಬಿತ್ತು.

"ನೋ... ಡು" ಎಂದರು. ಅದರಲ್ಲಿ ಆಡಳಿತ ಮಂಡಳಿಗೆ ಹೇಳಬೇಕಾದದ್ದೆಲ್ಲ ಇತ್ತು.

"ನೋಡ್ದೆ. ನಂಗೇನೂ ಗೊತ್ತಿಲ್ಲ. ಯಾಕೆ ಕರ್ಕೊಂಡು ಹೋಗಬಾರ್ದಾಗಿತ್ತು, ಹೇಳಿ" ಎಂದು ಆಕೆ ಕಣ್ಣೊರೆಸಿಕೊಂಡು ನೆಟ್ಟಗೆ ಕೂತರು.

ಪಿಳ್ಳಪ್ಪನವರು ಉಸಿರೆಳೆದುಕೊಂಡರು. "ನೂ..." ಎಂದರು. ಆಕೆ ಕಾದರು. "ನೂರು..." ಎಂದರು. ನಾನು ಹಾಲು ತಂದು, ಕಾಯಿಸಿ, ಕಾಫಿ ಕುಡಿದು, ಅವರಿಗೂ ಎರಡು ಲೋಟ ತೆಗೆದುಕೊಂಡು ಇಳಿದು ಬರುವ ಹೊತ್ತಿಗೆ ಹಸಿರು ಟೋಪಿಯವರು ಸೋತಾಗಿತ್ತು, ಆಟ ಮುಗಿದು ಪರದೆ ಖಾಲಿಯಾಗಿತ್ತು. ಪಿಳ್ಳಪ್ಪನವರ ವಾಕ್ಯ ಮುಗಿದಿರಲಿಲ್ಲ. ದೊಡ್ಡಮುನಿಯಮ್ಮ ಅವರ ಬಾಯಿ ನೋಡುತ್ತಾ, ಪ್ರತಿ ಮಾತಿಗೂ "ಹೂಂ, ಆಮೇಲೆ?" ಎನ್ನುತ್ತಿದ್ದರು.